ಎರಡು ಸೆವೆನ್ ಸ್ಟ್ರಿಂಗ್ ಗಿಟಾರ್, ಒಂದು ಬಜೆಟ್: ಕೊಡಗಿನವರು ಆರಿಸುವುದು ಹೇಗೆ?

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಹುಡುಗರಿಂದ ಬರುವ ಮೆಸೇಜ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಅಣ್ಣಾ, ಎರಡು ಗಿಟಾರ್ ನೋಡಿಟ್ಟಿದ್ದೇನೆ. ಎರಡೂ ಏಳು ತಂತಿಯದ್ದು. ಯಾವುದು ತಗೊಳ್ಳಲಿ?" ಜೊತೆಗೆ ಎರಡು ಫೋಟೊ. ಒಂದು ಕಪ್ಪು ಗಿಟಾರ್, ಇನ್ನೊಂದು ಇನ್ನೂ ಸ್ವಲ್ಪ ಕಪ್ಪು.

ಫೋಟೊ ನೋಡಿ ಹೇಳುವ ವಿಷಯ ಇದಲ್ಲ. ಆದರೆ ಅಂಗಡಿಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ಮುಕ್ಕಾಲು ಭಾಗ ತೀರ್ಮಾನ ಮಾಡಬಹುದು. ನಮಗೆ ಇದು ಜಾಸ್ತಿ ಮುಖ್ಯ. ಸೆವೆನ್ ಸ್ಟ್ರಿಂಗ್ ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು. ಜಿಲ್ಲೆಯಲ್ಲಿ ರೈಲಿಲ್ಲ. ಬಸ್ಸಿನಲ್ಲಿ ಹೋಗಿ ಬರುವುದರೊಳಗೆ ಒಂದು ದಿನ ಕಳೆಯುತ್ತದೆ. ಏನು ನೋಡಬೇಕು ಅಂತ ಗೊತ್ತಿಲ್ಲದೆ ಹೋದರೆ ಅಂಗಡಿಯವನು ತೋರಿಸಿದ್ದೇ ಗಿಟಾರ್ ಆಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಭಾಗ) ಯಾವುದು, ಮರ ಯಾವುದು ಎಂಬ ಚರ್ಚೆ ಆಮೇಲೆ ಇರಲಿ. ಮೊದಲು ಸ್ಕೇಲ್ ಲೆಂತ್ ನೋಡಿ. ಆಮೇಲೆ ಬ್ರಿಡ್ಜ್, ಅಂದರೆ ಗಿಟಾರಿನ ಮೈಮೇಲೆ ತಂತಿಗಳನ್ನು ಹಿಡಿದಿಡುವ ಭಾಗ, ನೋಡಿ. ಜುಲೈ ತಿಂಗಳಲ್ಲಿ ನೀವೇ ಬಿಚ್ಚಿ, ಒರೆಸಿ, ಸರಿಮಾಡಿಕೊಳ್ಳಲು ಆಗುವ ಗಿಟಾರೇ ಕೊಡಗಿನವರಿಗೆ ಸರಿಯಾದ ಗಿಟಾರ್.

ಮೊದಲ ಹೆಜ್ಜೆ: ಏಳನೇ ತಂತಿ ಯಾಕೆ ಬೇಕು?

ಮಾಮೂಲಿ ಆರು ತಂತಿಯ ಗಿಟಾರಿನ ಕೆಳಗಿನ ಸ್ವರ ಇ. ಅದು ಸುಮಾರು 82 ಹರ್ಟ್ಜ್. ಸೆವೆನ್ ಸ್ಟ್ರಿಂಗ್‌ನಲ್ಲಿ ಅದರ ಕೆಳಗೆ ಒಂದು ದಪ್ಪ ಬಿ ತಂತಿ ಸೇರುತ್ತದೆ. ಮುಂದೆ ಬಿ ತಂತಿ ಅಂದರೆ ಇದೇ. ಅದು ಸುಮಾರು 62 ಹರ್ಟ್ಜ್. ಉಳಿದ ಆರು ತಂತಿ ಹಾಗೇ ಇರುತ್ತವೆ. ನಿಮಗೆ ಗೊತ್ತಿರುವ ಕಾರ್ಡ್, ಸ್ಕೇಲ್ ಯಾವುದೂ ಹಾಳಾಗುವುದಿಲ್ಲ. ಕಣ್ಣಿಗೆ ಮಾತ್ರ ಕೆಲವು ವಾರ ಗೊಂದಲ. ಇ ಅಂದುಕೊಂಡು ಬಿ ಮೀಟುತ್ತೀರಿ.

ಇದು ಬರೀ ಮೆಟಲ್‌ನವರ ವಾದ್ಯ ಅಂತ ತಿಳಿದವರು ಇದ್ದಾರೆ. ಹಾಗೇನಿಲ್ಲ. ಜಾಝ್‌ನಲ್ಲಿ ಜಾರ್ಜ್ ವ್ಯಾನ್ ಎಪ್ಸ್ ಬಹಳ ಹಿಂದೆಯೇ ಏಳು ತಂತಿ ನುಡಿಸುತ್ತಿದ್ದರು. ಎಲೆಕ್ಟ್ರಿಕ್‌ನಲ್ಲಿ ಇದು ದೊಡ್ಡ ಮಟ್ಟದಲ್ಲಿ ಮಾರುಕಟ್ಟೆಗೆ ಬಂದದ್ದು 1990ರಲ್ಲಿ, ಗಿಟಾರ್ ವಾದಕ ಸ್ಟೀವ್ ವಾಯ್ ಜೊತೆ ಐಬನೆಝ್ ಕಂಪನಿ ತಂದ ಯೂನಿವರ್ಸ್ ಗಿಟಾರಿನಿಂದ. ಆಮೇಲೆ ಕಾರ್ನ್ ಬ್ಯಾಂಡಿನವರು ಅದನ್ನೇ ಇನ್ನೂ ಕೆಳಗೆ ಇಳಿಸಿ ನುಡಿಸಿದರು. ಅಲ್ಲಿಂದ ಶುರುವಾಯಿತು ಈ ಹುಚ್ಚು.

ಈಗ ಒಂದು ಕಾಗದದಲ್ಲಿ ಬರೆದುಕೊಳ್ಳಿ. ನೀವು ನಿಜವಾಗಿ ನುಡಿಸುವ ಹತ್ತು ಹಾಡು ಯಾವುವು? ಅವು ಯಾವ ಟ್ಯೂನಿಂಗ್‌ನಲ್ಲಿವೆ? ಮುಂದೊಂದು ದಿನ ನುಡಿಸುವ ಆಸೆ ಇರುವುದು ಬೇಡ, ಈಗ ನುಡಿಸುವುದು. ಹತ್ತರಲ್ಲಿ ಎಂಟು ಮಾಮೂಲಿ ಬಿ ಟ್ಯೂನಿಂಗ್‌ನಲ್ಲೇ ಇದ್ದರೆ, ಅಥವಾ ನೀವು ಮದುವೆ, ಕಾಲೇಜು ಕಾರ್ಯಕ್ರಮಗಳಲ್ಲಿ ಎಲ್ಲ ಥರದ ಹಾಡಿಗೂ ಸಾಥ್ ಕೊಡುವವರಾದರೆ ನಿಮ್ಮದು ಒಂದು ದಾರಿ. ಡ್ರಾಪ್ ಎ, ಅಂದರೆ ಏಳನೇ ತಂತಿಯನ್ನು 55 ಹರ್ಟ್ಜ್‌ಗೆ ಇಳಿಸಿ ರಿಫ್ ಹೊಡೆಯುವವರಾದರೆ ಇನ್ನೊಂದು ದಾರಿ. ಮುಂದಿನ ಲೆಕ್ಕವೆಲ್ಲ ಈ ಕಾಗದದ ಮೇಲೆ ನಿಂತಿದೆ.

ಎರಡನೇ ಹೆಜ್ಜೆ: ಸ್ಕೇಲ್ ಲೆಂತ್

ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಕಂಪಿಸುವ ಉದ್ದವೇ ಸ್ಕೇಲ್ ಲೆಂತ್. ನಟ್ ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ; ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ. ಸೆವೆನ್ ಸ್ಟ್ರಿಂಗ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 25.5 ಇಂಚು, 26.5 ಇಂಚು ಮತ್ತು 27 ಇಂಚು. ಫ್ರೆಟ್‌ಗಳು ಬೀಸಣಿಗೆ ಥರ ಓರೆಯಾಗಿರುವ ಮಲ್ಟಿಸ್ಕೇಲ್ ಗಿಟಾರ್‌ಗಳೂ ಇವೆ. ಅವುಗಳಲ್ಲಿ ದಪ್ಪ ತಂತಿಯ ಕಡೆ ಉದ್ದ ಜಾಸ್ತಿ, ತೆಳು ತಂತಿಯ ಕಡೆ ಕಡಿಮೆ.

ಜನ ಹೋಲಿಸಿ ಕೇಳುವ ಒಂದು ಜೋಡಿಯನ್ನೇ ತೆಗೆದುಕೊಳ್ಳೋಣ. ಐಬನೆಝ್ ಆರ್‌ಜಿ7421 ಒಂದು ಕಡೆ, ಶೆಕ್ಟರ್ ಓಮೆನ್-7 ಇನ್ನೊಂದು ಕಡೆ. ಎರಡರಲ್ಲೂ 24 ಫ್ರೆಟ್. ಎರಡರಲ್ಲೂ ಅಲುಗದ ಫಿಕ್ಸೆಡ್ ಬ್ರಿಡ್ಜ್. ಎರಡರಲ್ಲೂ ನೆಕ್ ಅನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ. ದೊಡ್ಡ ವ್ಯತ್ಯಾಸ ಸ್ಕೇಲ್‌ನಲ್ಲಿದೆ. ಐಬನೆಝ್ 25.5 ಇಂಚು, ಶೆಕ್ಟರ್ 26.5 ಇಂಚು.

ಒಂದು ಇಂಚಿಗೆ ಇಷ್ಟು ಗಲಾಟೆ ಯಾಕೆ ಅನ್ನಿಸಬಹುದು. ಅದೇ ತಂತಿ, ಅದೇ ಸ್ವರಕ್ಕೆ ಶ್ರುತಿ ಮಾಡಿದಾಗ ಅದರ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. 25.5ರಿಂದ 26.5ಕ್ಕೆ ಹೋದರೆ ಸುಮಾರು 8 ಶೇಕಡ ಜಾಸ್ತಿ ಬಿಗಿ. 27ಕ್ಕೆ ಹೋದರೆ ಸುಮಾರು 12 ಶೇಕಡ. ಬಿಗಿ ಇದ್ದರೆ ಬಿ ತಂತಿ ಜೋಲಾಡುವುದಿಲ್ಲ, ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಇನ್ನು ಬಿಯಿಂದ ಎಗೆ ಇಳಿಸಿದರೆ ಅದೇ ತಂತಿ ಸುಮಾರು 20 ಶೇಕಡ ಬಿಗಿತ ಕಳೆದುಕೊಳ್ಳುತ್ತದೆ. 25.5 ಇಂಚಿನ ಗಿಟಾರಿನಲ್ಲಿ .059 (ಇಂಚಿನಲ್ಲಿ ದಪ್ಪ) ತಂತಿ ಹಾಕಿ ಎಗೆ ಇಳಿಸಿ ಜೋರಾಗಿ ಹೊಡೆದು ನೋಡಿ. ತಂತಿ ಫ್ರೆಟ್‌ಗೆ ಬಡಿಯುವ ಸದ್ದೇ ಜಾಸ್ತಿ. ಅಲ್ಲಿ .062 ಅಥವಾ .064 ಬೇಕಾಗುತ್ತದೆ.

ಹಾಗಾದರೆ ಉದ್ದ ಇರುವುದೇ ಒಳ್ಳೆಯದು ಅಲ್ವಾ? ಬೆರಳಿಗೆ ಅದರ ಬೆಲೆ ಇದೆ. ನಟ್‌ನಿಂದ ನಾಲ್ಕನೇ ಫ್ರೆಟ್‌ವರೆಗೆ 25.5ರಲ್ಲಿ ಸುಮಾರು 134 ಮಿಲಿಮೀಟರ್. 26.5ರಲ್ಲಿ ಸುಮಾರು 139. ಐದು ಮಿಲಿಮೀಟರ್ ಹೆಚ್ಚು ಚಾಚಬೇಕು. ಉದ್ದ ಬೆರಳಿನವರಿಗೆ ಗೊತ್ತೂ ಆಗುವುದಿಲ್ಲ. ಚಿಕ್ಕ ಕೈಯವರಿಗೆ ಕೆಳಗಿನ ಫ್ರೆಟ್‌ಗಳಲ್ಲಿ ಗೊತ್ತಾಗುತ್ತದೆ. ತೆಳು ತಂತಿಗಳೂ ಸ್ವಲ್ಪ ಬಿಗಿಯಾಗುವುದರಿಂದ ಬೆಂಡ್ ಮಾಡಲು ಬಲ ಬೇಕು. ಮನೆಯಲ್ಲಿ ಆರು ತಂತಿಯ 25.5 ಇಂಚಿನ ಗಿಟಾರ್ ಕೂಡ ಇದ್ದು ಎರಡನ್ನೂ ದಿನಾ ನುಡಿಸುವವರಿಗೆ ಒಂದೇ ಅಳತೆ ಇದ್ದರೆ ಕೈಗೆ ಆರಾಮ.

ಆದ್ದರಿಂದ ಈ ಜೋಡಿಯ ವಿಷಯದಲ್ಲಿ ನಾನು ಹೇಳುವುದು ಇಷ್ಟೇ. ಬಿ ಟ್ಯೂನಿಂಗ್‌ನಲ್ಲೇ ಇರುವವರು, ಲೀಡ್ ಜಾಸ್ತಿ ನುಡಿಸುವವರು, ಆರು ತಂತಿಯಿಂದ ಈಗಷ್ಟೇ ಬರುತ್ತಿರುವವರು 25.5 ತೆಗೆದುಕೊಳ್ಳಿ. ಡ್ರಾಪ್ ಎ ರಿಫ್‌ಗಳೇ ನಿಮ್ಮ ಜೀವ ಆಗಿದ್ದರೆ 26.5. ನಡುವೆ ನಿಂತವರು 26.5 ಕಡೆ ವಾಲಿದರೆ ನಷ್ಟವಿಲ್ಲ. ಏಳನೇ ತಂತಿ ಬೇಕು ಅಂತಲೇ ದುಡ್ಡು ಕೊಡುತ್ತಿದ್ದೀರಿ. ಆ ತಂತಿಯೇ ಚೆನ್ನಾಗಿ ಕೇಳದಿದ್ದರೆ ಏನು ಬಂತು?

ಒಂದು ಎಚ್ಚರ. ಒಂದೇ ಹೆಸರಿನ ಗಿಟಾರ್‌ನಲ್ಲೂ ವರ್ಷದಿಂದ ವರ್ಷಕ್ಕೆ ಮರ, ಪಿಕಪ್ ಬದಲಾಗುತ್ತವೆ. ನಿಮ್ಮ ಮುಂದಿರುವ ಗಿಟಾರ್‌ನ ವಿವರವನ್ನೇ ಓದಿ. ಅನುಮಾನ ಬಂದರೆ ಟೇಪ್ ಹಿಡಿಯಿರಿ. ನಟ್‌ನಿಂದ 12ನೇ ಫ್ರೆಟ್‌ವರೆಗಿನ ಅಳತೆಯ ಎರಡರಷ್ಟು ಸ್ಕೇಲ್ ಲೆಂತ್.

ಮೂರನೇ ಹೆಜ್ಜೆ: ಬ್ರಿಡ್ಜ್

ನಿಮ್ಮ ಎರಡು ಗಿಟಾರ್‌ಗಳಲ್ಲಿ ಒಂದಕ್ಕೆ ಫಿಕ್ಸೆಡ್ ಬ್ರಿಡ್ಜ್, ಇನ್ನೊಂದಕ್ಕೆ ಫ್ಲಾಯ್ಡ್ ರೋಸ್ ಥರದ ಲಾಕಿಂಗ್ ಟ್ರೆಮೊಲೊ ಇದ್ದರೆ ಕೊಡಗಿನಲ್ಲಿ ನಾನು ಕಣ್ಣುಮುಚ್ಚಿ ಫಿಕ್ಸೆಡ್ ಅನ್ನುತ್ತೇನೆ. ಟ್ರೆಮೊಲೊ ಕೆಟ್ಟದ್ದಲ್ಲ. ವ್ಯಾಮಿ ಬಾರ್ (ಟ್ರೆಮೊಲೊ ಒತ್ತಿ ಸ್ವರ ಏರಿಳಿಸುವ ಕೋಲು) ಇಲ್ಲದೆ ನಿಮ್ಮ ಸಂಗೀತವೇ ಇಲ್ಲ ಅಂದರೆ ಧಾರಾಳವಾಗಿ ತಗೊಳ್ಳಿ. ಆದರೆ ಅದರ ಕೆಲಸ ನೋಡಿ. ತಂತಿಗಳ ಎಳೆತಕ್ಕೂ ಹಿಂದಿನ ಸ್ಪ್ರಿಂಗ್‌ಗಳ ಎಳೆತಕ್ಕೂ ಸಮ ಆಗಬೇಕು. ಟ್ಯೂನಿಂಗ್ ಬದಲಿಸಿದರೆ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಒಂದು ತಂತಿ ಕಿತ್ತರೆ ಉಳಿದ ಆರೂ ಶ್ರುತಿ ತಪ್ಪುತ್ತವೆ. ಸ್ಪ್ರಿಂಗ್, ಸ್ಕ್ರೂ, ಅಂಚಿನ ಚೂಪು ಭಾಗ ಎಲ್ಲವೂ ಕಬ್ಬಿಣ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ, ನಮ್ಮ ಬೀಗದ ಕೈಗೇ ತುಕ್ಕು ಹಿಡಿಯುತ್ತದೆ. ಇನ್ನು ಇದನ್ನು ಸರಿಮಾಡುವವರು ನೂರು ಕಿಲೋಮೀಟರ್ ದೂರ ಇದ್ದರೆ?

ಎರಡರಲ್ಲೂ ಫಿಕ್ಸೆಡ್ ಇದ್ದರೆ ಬಿ ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ತುಂಡು) ಎಲ್ಲಿದೆ ನೋಡಿ. ದಪ್ಪ ತಂತಿಗೆ ಸ್ಯಾಡಲ್ ಹಿಂದಕ್ಕೆ ಸರಿಯಬೇಕು. ಅದು ಆಗಲೇ ಕೊನೆ ಮುಟ್ಟಿ ಕೂತಿದ್ದರೆ ಮುಂದೆ .064 ಹಾಕಿದಾಗ ಸ್ವರ ಸರಿಮಾಡಲು ಜಾಗವೇ ಇರುವುದಿಲ್ಲ. ಇದನ್ನು ನೋಡುವವರು ತೀರಾ ಕಡಿಮೆ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿ

ಮಧ್ಯಾಹ್ನ ಊಟ ಮುಗಿಸಿ ಆರಾಮಾಗಿ ಹೋಗಿ. ನಿಮ್ಮ ಪಿಕ್ ಮತ್ತು ಸ್ಟ್ರ್ಯಾಪ್ ತೆಗೆದುಕೊಂಡು ಹೋಗಿ. ಫೋನಿನಲ್ಲಿ ಟ್ಯೂನರ್ ಇರಲಿ.

ಮೊದಲು ಆಂಪ್ ಇಲ್ಲದೆ ಕೂತು ನುಡಿಸಿ. ಪ್ರತಿ ತಂತಿಯನ್ನು ಪ್ರತಿ ಫ್ರೆಟ್‌ನಲ್ಲಿ ಒತ್ತಿ. ಬೇಸರದ ಕೆಲಸ, ಆದರೂ ಬಿಡಬೇಡಿ. ಎಲ್ಲೋ ಒಂದೇ ಫ್ರೆಟ್‌ನಲ್ಲಿ ಝುಂಯ್ ಅಂದರೆ ಆ ಫ್ರೆಟ್ ತಗ್ಗಿದೆ ಇಲ್ಲವೇ ಅದರ ಮುಂದಿನದ್ದು ಎತ್ತರವಾಗಿದೆ. ಎಲ್ಲ ಕಡೆ ಅಂದರೆ ಸೆಟಪ್ ಸಮಸ್ಯೆ, ಅದನ್ನು ಸರಿಮಾಡಬಹುದು.

ಆಮೇಲೆ ಬ್ರಿಡ್ಜ್ ಕಡೆಯಿಂದ ಕಣ್ಣಿಟ್ಟು ನೆಕ್ ಉದ್ದಕ್ಕೂ ನೋಡಿ. ಸ್ವಲ್ಪ ಬಾಗಿದ್ದರೆ ಪರವಾಗಿಲ್ಲ. ತಿರುಚಿಕೊಂಡಿದ್ದರೆ, ಅಂದರೆ ಒಂದು ಅಂಚು ಮೇಲೆ ಇನ್ನೊಂದು ಕೆಳಗೆ ಇದ್ದರೆ, ಅಲ್ಲೇ ಇಟ್ಟು ಬನ್ನಿ. ಎಷ್ಟು ರಿಯಾಯಿತಿ ಕೊಟ್ಟರೂ ಬೇಡ.

ಸೆವೆನ್ ಸ್ಟ್ರಿಂಗ್‌ನ ನೆಕ್ ಅಗಲ. ನಟ್ ಹತ್ತಿರ ಆರು ತಂತಿಯದ್ದು ಸುಮಾರು 43 ಮಿಲಿಮೀಟರ್ ಇದ್ದರೆ ಇದು ಸುಮಾರು 48. ಐಬನೆಝ್‌ನ ನೆಕ್ ತೆಳುವಾಗಿ ಚಪ್ಪಟೆಯಾಗಿರುತ್ತದೆ. ಶೆಕ್ಟರ್‌ದು ಕೊಂಚ ದುಂಡಗೆ ಕೈ ತುಂಬುತ್ತದೆ. ಯಾವುದು ಒಳ್ಳೆಯದು ಅಂತ ಬೇರೆಯವರು ಹೇಳಲು ಆಗುವುದಿಲ್ಲ. ಬಿ ತಂತಿಯ ಎರಡನೇ ಫ್ರೆಟ್‌ನಿಂದ ತೆಳು ಇ ತಂತಿಯ ಐದನೇ ಫ್ರೆಟ್‌ವರೆಗೆ ಒಂದು ಸ್ಕೇಲ್ ಏರಿ ಇಳಿಯಿರಿ. ಹೆಬ್ಬೆರಳ ಬುಡ ಹತ್ತು ನಿಮಿಷದಲ್ಲಿ ನೋಯಲು ಶುರುವಾದರೆ ಆ ನೆಕ್ ನಿಮ್ಮದಲ್ಲ.

ಸ್ಟ್ರ್ಯಾಪ್ ಹಾಕಿ ಎದ್ದು ನಿಲ್ಲಿ. ಕೈ ಬಿಡಿ. ಹೆಡ್‌ಸ್ಟಾಕ್ ನೆಲದ ಕಡೆ ಜಾರಿದರೆ ನುಡಿಸುವಷ್ಟು ಹೊತ್ತೂ ಎಡಗೈ ಅದನ್ನು ಹೊರುತ್ತಿರುತ್ತದೆ. ಒಂದು ಟ್ಯೂನಿಂಗ್ ಕೀ ಜಾಸ್ತಿ ಇರುವುದರಿಂದ ಸೆವೆನ್ ಸ್ಟ್ರಿಂಗ್‌ಗೆ ಈ ಕಾಯಿಲೆ ಸ್ವಲ್ಪ ಹೆಚ್ಚು.

ಈಗ ಆಂಪ್. ಹುಡುಗರೆಲ್ಲ ಮೊದಲು ಡಿಸ್ಟಾರ್ಶನ್ ಒತ್ತುತ್ತಾರೆ. ಬೇಡ. ಕ್ಲೀನ್‌ನಲ್ಲೇ ಬಿ ತಂತಿಯನ್ನು ಬಿಟ್ಟು ಮೀಟಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಟ್ಯೂನರ್ ನೋಡಿ. ಜೋರಾಗಿ ಹೊಡೆದಾಗ ಸ್ವರ ಮೇಲೆ ಹಾರಿ ನಿಧಾನವಾಗಿ ಕೆಳಗೆ ಬರುತ್ತದೆ. ಎರಡು ಗಿಟಾರ್‌ಗಳಲ್ಲಿ ಯಾವುದರಲ್ಲಿ ಮುಳ್ಳು ಕಡಿಮೆ ಹಾರುತ್ತದೋ ಅದರ ಬಿ ತಂತಿ ಹೆಚ್ಚು ನಂಬಿಕೆಯದ್ದು. ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡರಲ್ಲೂ ತಂತಿಯ ದಪ್ಪ ಒಂದೇ ಇರಬೇಕು. ಕೇಳಿ ತಿಳಿದುಕೊಳ್ಳಿ.

ಕೊನೆಗೆ ಡಿಸ್ಟಾರ್ಶನ್ ಹಾಕಿ ಪಾಮ್ ಮ್ಯೂಟ್ ಮಾಡಿ, ಅಂದರೆ ಬ್ರಿಡ್ಜ್ ಹತ್ತಿರ ಅಂಗೈಯನ್ನು ತಂತಿ ಮೇಲೆ ಹಗುರಾಗಿ ಇಟ್ಟು ಮೀಟಿ. ಬಿ ತಂತಿ ನುಡಿಸುವಾಗ ಸ್ವರ ಬೇರೆಬೇರೆಯಾಗಿ ಕೇಳಬೇಕು. ಬರೀ ಗುಂಯ್ ಅಂತ ಕೇಳಿದರೆ ಆಂಪ್‌ನ ಬೇಸ್ ತಗ್ಗಿಸಿ ಮತ್ತೆ ನೋಡಿ. ಚಿಕ್ಕ ಪ್ರಾಕ್ಟೀಸ್ ಆಂಪ್‌ನ ಸ್ಪೀಕರ್ 62 ಹರ್ಟ್ಜ್ ಅನ್ನು ಸರಿಯಾಗಿ ಕೊಡುವುದೇ ಇಲ್ಲ. ನಾವು ಕೇಳುವುದು ಅದರ ಮೇಲಿನ ಹಾರ್ಮೋನಿಕ್ಸ್. ಹಾಗಾಗಿ ಅಂಗಡಿಯ ಪುಟ್ಟ ಡಬ್ಬದಲ್ಲಿ ಕೇಳಿ ಗಿಟಾರ್ ಬೈಯಬೇಡಿ. ಒಳ್ಳೆಯ ಹೆಡ್‌ಫೋನ್ ಇದ್ದರೆ ಅದರಲ್ಲಿ ಕೇಳಿ.

ಪಿಕಪ್ ಬಗ್ಗೆ ಇಷ್ಟು ಸಾಕು. ಪ್ಯಾಸಿವ್ ಇದ್ದರೆ ತಲೆನೋವಿಲ್ಲ. ಆ್ಯಕ್ಟಿವ್ ಇದ್ದರೆ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ನುಡಿಸಿದ ಮೇಲೆ ಕೇಬಲ್ ತೆಗೆಯದೆ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ. ಪಿಕಪ್ ಮುಂದೆ ಬದಲಿಸಬಹುದು, ಸ್ಕೇಲ್ ಬದಲಿಸಲು ಆಗುವುದಿಲ್ಲ.

ಐದನೇ ಹೆಜ್ಜೆ: ನಿಮ್ಮ ಮನೆ ಎಲ್ಲಿದೆ?

ಇದು ಯಾವ ಗಿಟಾರ್ ವಿಡಿಯೊದಲ್ಲೂ ಬರುವುದಿಲ್ಲ. ಕುಶಾಲನಗರದವರು ಈ ಭಾಗವನ್ನು ಬೇಗ ಓದಿ ಮುಗಿಸಬಹುದು, ಅಲ್ಲಿ ಮಳೆ ಕಡಿಮೆ. ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯವರು ನಿಧಾನವಾಗಿ ಓದಿ.

ಗಿಟಾರಿಗೆ ಹಿತವಾದ ತೇವಾಂಶ 45ರಿಂದ 55 ಶೇಕಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಅದು 90ರ ಹತ್ತಿರ ಕೂತಿರುತ್ತದೆ. ಮರ ನೀರು ಕುಡಿದು ಹಿಗ್ಗುತ್ತದೆ. ನೆಕ್ ಹಿಂದಕ್ಕೋ ಮುಂದಕ್ಕೋ ಬಾಗುತ್ತದೆ. ಜನವರಿಯಲ್ಲಿ ಬೆಣ್ಣೆ ಥರ ಇದ್ದ ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಜುಲೈಯಲ್ಲಿ ಕೈಗೆ ಚುಚ್ಚುತ್ತದೆ. ಕಾಫಿ ಬೀಜದ ತೇವ ನೋಡಲು ಮೀಟರ್ ಇಟ್ಟುಕೊಂಡ ಮನೆಯಲ್ಲೇ ಗಿಟಾರ್ ಮಾತ್ರ ಗೋಡೆಗೆ ನೇತಾಡುತ್ತಿರುತ್ತದೆ. ಕೆಲವೇ ನೂರು ರೂಪಾಯಿಗೆ ಒಂದು ಹೈಗ್ರೊಮೀಟರ್ ಸಿಗುತ್ತದೆ. ಗಿಟಾರ್ ಜೊತೆಗೇ ತರಿಸಿ.

ಹಾಗಾಗಿ ಎರಡು ಗಿಟಾರ್‌ಗಳಲ್ಲಿ ಯಾವುದರ ನೆಕ್ ಮೂರು ಅಥವಾ ಐದು ಪಟ್ಟಿ ಮರ ಅಂಟಿಸಿ ಮಾಡಿದ್ದೋ ಅದಕ್ಕೆ ಒಂದು ಅಂಕ ಜಾಸ್ತಿ ಕೊಡಿ. ರೋಸ್ಟೆಡ್ ಮೇಪಲ್ ಆದರೆ ಇನ್ನೂ ಒಳ್ಳೆಯದು. ಹುರಿದ ಮರ ತೇವ ಕಡಿಮೆ ಹೀರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್ ಇದ್ದರೆ ಅದಕ್ಕೂ ಒಂದು ಅಂಕ. ಟ್ರಸ್ ರಾಡ್ (ನೆಕ್‌ನ ಬಾಗು ಸರಿಮಾಡಲು ಅದರೊಳಗಿರುವ ಕಂಬಿ) ತಿರುಗಿಸುವ ಜಾಗ ಸುಲಭವಾಗಿ ಕೈಗೆ ಸಿಗುತ್ತದಾ ನೋಡಿ. ಅದರ ಕೀ ಅಂಗಡಿಯಿಂದಲೇ ಕೇಳಿ ಪಡೆಯಿರಿ. ಸೆಕೆಂಡ್ ಹ್ಯಾಂಡ್ ಆದರೆ ರಾಡ್ ನಿಜವಾಗಿ ತಿರುಗುತ್ತದೆ ಅಂತ ಮಾರುವವರ ಎದುರೇ ನೋಡಿಕೊಳ್ಳಿ.

ಗಿಟಾರ್ ಇಡುವ ಜಾಗವೂ ಮುಖ್ಯ. ಮಳೆ ಹೊಡೆಯುವುದು ನೈಋತ್ಯದಿಂದ. ಆ ಕಡೆಯ ಹೊರಗೋಡೆಗೆ ಗಿಟಾರ್ ನೇತುಹಾಕಬೇಡಿ. ಒಳಕೋಣೆಯ ಗೋಡೆ ವಾಸಿ. ಅಗ್ಗಿಷ್ಟಿಕೆ ಹತ್ತಿರವೂ ಬೇಡ. ಬಟ್ಟೆ ಬೂಷ್ಟು ಹಿಡಿಯದಿರಲಿ ಅಂತ ಬೀರುವಿನೊಳಗೆ ಬಲ್ಬ್ ಉರಿಸುವವರು ಅದೇ ಬೀರುವಿಗೆ ಗಿಟಾರ್ ತುರುಕಬೇಡಿ, ಒಂದು ಪಕ್ಕ ಮಾತ್ರ ಬಿಸಿಯಾಗುತ್ತದೆ. ಗಟ್ಟಿ ಕೇಸ್ ಒಳಗೆ ಸಿಲಿಕಾ ಜೆಲ್ ಚೀಲ ಹಾಕಿ ಇಡಿ. ಬಣ್ಣ ಬದಲಾದಾಗ ಅದನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ.

ಇನ್ನು ಕರೆಂಟು. ಹಳೆಯ ತೋಟದ ಮನೆಗಳಲ್ಲಿ ಎಷ್ಟೋ ಕಡೆ ಪ್ಲಗ್‌ಗೆ ಅರ್ಥಿಂಗ್ ಸರಿಯಿಲ್ಲ. ತಂತಿ ಮುಟ್ಟಿದಾಗ ಆಂಪ್‌ನ ಹಮ್ ಕಡಿಮೆಯಾದರೆ ಅದು ಮಾಮೂಲಿ. ತಂತಿ ಮುಟ್ಟಿದಾಗ ಕೈಗೆ ಜುಂ ಅಂದರೆ ಆ ಕ್ಷಣವೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಓಡಿಸಿದರೆ ಗುಂಯ್ ಸದ್ದು ಬರುತ್ತದೆ. ಗಿಟಾರ್ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುವ ಮುಂಚೆ ಕರೆಂಟು ಬಂದಾಗ ಒಮ್ಮೆ ನುಡಿಸಿ ನೋಡಿ. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕಿತ್ತಿಡಿ. ಹೆಡ್‌ಫೋನ್ ಹಾಕಿ ನುಡಿಸುವ ಅಭ್ಯಾಸ ಒಳ್ಳೆಯದು. ತೋಟದ ನಡುವೆ ಒಂಟಿ ಮನೆ ಇದ್ದವರಿಗೆ ಪಕ್ಕದ ಮನೆಯವರ ದೂರಿಲ್ಲ, ಆನೆ ಬಂದದ್ದು ಕೇಳಿಸದಿದ್ದರೆ ಮಾತ್ರ ಕಷ್ಟ.

ಆರನೇ ಹೆಜ್ಜೆ: ತಂತಿಯ ಸರಬರಾಜು

ಏಳು ತಂತಿಯ ಸೆಟ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. 10ರಿಂದ 59, 10ರಿಂದ 62 (59 ಅಂದರೆ .059 ಇಂಚು), ಹೀಗೆ ಸೆಟ್‌ಗಳು ಬರುತ್ತವೆ. 26.5 ಇಂಚಿಗೆ 59 ಸಾಕು. 25.5 ಇಂಚಿನಲ್ಲಿ ಬಿ ಸ್ವಲ್ಪ ಸಡಿಲ ಅನ್ನಿಸಿದರೆ 62. ಗಿಟಾರ್ ತರುವ ದಿನವೇ ಎರಡು ಸೆಟ್ ತಂದಿಡಿ. ಮಳೆಗಾಲಕ್ಕೆ ಕೋಟೆಡ್ ತಂತಿ ದುಬಾರಿಯಾದರೂ ಲೆಕ್ಕಕ್ಕೆ ಕೂರುತ್ತದೆ. ಸಾದಾ ತಂತಿ ಒದ್ದೆ ಗಾಳಿಗೆ ಬೇಗ ಕಪ್ಪಾಗುತ್ತದೆ. ನುಡಿಸಿದ ಮೇಲೆ ಪ್ರತಿಸಲ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ತಂತಿಯ ಅಡಿಭಾಗವನ್ನೂ ಸೇರಿಸಿ.

ಏಳನೇ ಹೆಜ್ಜೆ: ಮನೆಗೆ ಬಂದ ಮೇಲೆ

ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿ. ಬಸ್ಸಿನಲ್ಲಿ ತರುವುದಾದರೆ ಮಳೆ ಕವರ್ ಇರುವ ಬ್ಯಾಗ್ ಬೇಕೇಬೇಕು. 26.5 ಇಂಚಿನದ್ದು ಮಾಮೂಲಿ ಬ್ಯಾಗಿಗೆ ಹಿಡಿಯುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ.

ಬಂದ ದಿನವೇ ಸ್ಕ್ರೂ ತಿರುಗಿಸಲು ಹೋಗಬೇಡಿ. ಅಂಗಡಿಯವರು ಮಾಡಿದ ಸೆಟಪ್ ಅವರ ಊರಿನ ಗಾಳಿಗೆ. ಬೆಂಗಳೂರಿನ ಒಣ ಗಾಳಿಯಿಂದ ಇಲ್ಲಿಗೆ ಬಂದ ನೆಕ್ ಎರಡು ಮೂರು ವಾರ ಹೊಂದಿಕೊಳ್ಳುತ್ತಲೇ ಇರುತ್ತದೆ. ಅಲ್ಲಿಯವರೆಗೆ ನುಡಿಸುತ್ತಿರಿ. ಆಮೇಲೆ ಹೀಗೆ ಮಾಡಿ.

ಶ್ರುತಿ ಸರಿಮಾಡಿ. ಬಿ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಎಂಟನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ಸುಮಾರು 0.2 ಮಿಲಿಮೀಟರ್ ಸಂದು ಇರಬೇಕು. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ ಅನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಇಲ್ಲವೇ ಇಲ್ಲ ಅಂದರೆ ವಿರುದ್ಧ ದಿಕ್ಕಿಗೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ರಾಡ್ ಗಟ್ಟಿಯಾಗಿ ಕೂತಿದ್ದರೆ ಬಲ ಹಾಕಬೇಡಿ.

ಆಮೇಲೆ ಆಕ್ಷನ್. 12ನೇ ಫ್ರೆಟ್‌ನಲ್ಲಿ ತೆಳು ಇ ತಂತಿಗೆ ಒಂದೂವರೆ ಮಿಲಿಮೀಟರ್, ಬಿ ತಂತಿಗೆ ಎರಡರಿಂದ ಎರಡೂವರೆ. ಬಿ ತಂತಿ ಅಗಲವಾಗಿ ಕಂಪಿಸುತ್ತದೆ, ಅದಕ್ಕೆ ಜಾಗ ಬೇಕು. ಕೊನೆಗೆ ಇಂಟೊನೇಶನ್. ಬಿಟ್ಟ ತಂತಿಯ ಸ್ವರಕ್ಕೂ 12ನೇ ಫ್ರೆಟ್‌ನ ಸ್ವರಕ್ಕೂ ಹೋಲಿಸಿ. 12ರಲ್ಲಿ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಇದೇ ಕೆಲಸವನ್ನು ವರ್ಷಕ್ಕೆ ಎರಡು ಸಲ ಮಾಡಬೇಕು. ಮಳೆ ಹಿಡಿದು ಕೂತ ಮೇಲೆ ಜುಲೈಯಲ್ಲಿ ಒಮ್ಮೆ. ಗಾಳಿ ಒಣಗಿ ಕಾಫಿ ಕುಯ್ಲು ಶುರುವಾದಾಗ, ಪುತ್ತರಿ ಹಬ್ಬ ಕಳೆದು, ಇನ್ನೊಮ್ಮೆ. ಪ್ರತಿಸಲ ರಾಡ್ ಎಷ್ಟು ತಿರುಗಿಸಿದಿರಿ, ಯಾವ ದಿಕ್ಕಿಗೆ ಅಂತ ಕೇಸ್ ಒಳಗಿನ ಚೀಟಿಯಲ್ಲಿ ಬರೆದಿಡಿ. ಮುಂದಿನ ವರ್ಷ ಹುಡುಕಾಡುವುದು ತಪ್ಪುತ್ತದೆ.